ಸ್ಪ್ರಿಂಗ್ ಬ್ರೇಕ್‌ನಲ್ಲಿ ಸೇವೆಗೆ ಹೊರಟ ತಮ್ಮನಿಗೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಮಿಷಿಗನ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಮಾರ್ಚ್‌ನಲ್ಲಿ ಒಂದು ವಾರ ರಜೆ. ರೂಮ್‌ಮೇಟ್‌ಗಳು ಫ್ಲೋರಿಡಾ ಬೀಚ್‌ಗೆ ಕರೀತಿದ್ದಾರೆ, ಕಾಲೇಜಿನ ಇನ್ನೊಂದು ತಂಡ ನಾರ್ತ್ ಕ್ಯಾರೊಲೈನಾದ ಆ್ಯಶ್‌ವಿಲ್ ಕಡೆ, 2024ರ ಹೆಲೀನ್ ಚಂಡಮಾರುತದಲ್ಲಿ ಹಾಳಾದ ಮನೆಗಳ ಕೆಲಸಕ್ಕೆ ಹೊರಟಿದೆ. ಹೋಗಲಾ, ವೀಸಾಕ್ಕೆ ತೊಂದರೆಯಾ, ರೆಸ್ಯೂಮೆಗೆ ಉಪಯೋಗವಾ, ಊಟಕ್ಕೇನು ಅಂತ ಕೇಳಿದ್ದೀಯ.

ಹೋಗು. ಬೀಚ್ ಮುಂದಿನ ವರ್ಷವೂ ಇರುತ್ತೆ.

ವೀಸಾ ವಿಷಯ: ಸೇವಾಸಂಸ್ಥೆಗೆ ಸಂಬಳವಿಲ್ಲದೆ ದುಡಿಯೋಕೆ ಎಫ್-1 ವಿದ್ಯಾರ್ಥಿ ವೀಸಾದವರಿಗೆ ಅಡ್ಡಿಯಿಲ್ಲ. ಕೈಗೆ ಕಾಸು ಕೊಡ್ತೀವಿ ಅಂದರೆ ಮಾತ್ರ ಮೊದಲು ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳು. ಪಾಸ್‌ಪೋರ್ಟ್, ವೀಸಾಕ್ಕೆ ಅಂತ ಕಾಲೇಜು ಕೊಟ್ಟ ಐ-20 ಪತ್ರ, ಇನ್ಶೂರೆನ್ಸ್ ಕಾರ್ಡ್ ಬ್ಯಾಗಿನಲ್ಲಿರಲಿ. ಟೆಟನಸ್ ಇಂಜೆಕ್ಷನ್ ಹಾಕಿಸ್ಕೋ, ಕೆಡವಿದ ಮನೆಯಲ್ಲಿ ಮೊಳೆ ಎಲ್ಲಿ ಬಿದ್ದಿರುತ್ತೋ ಗೊತ್ತಾಗಲ್ಲ. ರೆಸ್ಯೂಮೆಗೆ ಒಂದು ಸಾಲು ಬರ್ಕೋ, ಅಷ್ಟೇ.

ಊಟದ ವಿಷಯ ಮಾತ್ರ ಒಂದು ಸಾಲಲ್ಲಿ ಮುಗಿಯಲ್ಲ.

ನಾನು ತುಮಕೂರಿಂದ ಓಹಾಯೋಗೆ ಬಂದಿದ್ದು 2005ರ ಆಗಸ್ಟ್‌ನಲ್ಲಿ. ಎರಡು ವಾರಕ್ಕೆ, 29ನೇ ತಾರೀಕು, ಕತ್ರಿನಾ ಚಂಡಮಾರುತ ಅಪ್ಪಳಿಸಿತು. ದಕ್ಷಿಣದ ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್ ಊರಿನ ಶೇಕಡ 80 ಭಾಗ ನೀರಿನಲ್ಲಿ. ಯಾರೋ ಬಿಟ್ಟುಹೋದ ಸೋಫಾದ ಮೇಲೆ ಕೂತು, ಸೂರಿನ ಮೇಲೆ ನಿಂತು ಕೈಬೀಸುತ್ತಿದ್ದವರನ್ನು ಟಿವಿಯಲ್ಲಿ ನೋಡಿದೆ. ಅಮೆರಿಕದಲ್ಲೂ ಹೀಗಾಗುತ್ತಾ ಅಂತ ಅಮ್ಮನಿಗೆ ಫೋನ್ ಮಾಡಿ ಅತ್ತಿದ್ದೆ. ಮುಂದಿನ ಮಾರ್ಚ್‌ನಲ್ಲಿ ಕಾಲೇಜಿನ ವ್ಯಾನ್ ನ್ಯೂ ಆರ್ಲಿಯನ್ಸ್‌ಗೆ ಸೇವೆಗೆ ಹೊರಟಾಗ ಹೆಸರು ಕೊಟ್ಟೆ. ಆ ವರ್ಷ ದೇಶದ ಎಲ್ಲ ಕಡೆಯಿಂದ ಸಾವಿರಾರು ಹುಡುಗ ಹುಡುಗಿಯರು ರಜೆ ಬಿಟ್ಟು ಅಲ್ಲಿಗೇ ಬಂದಿದ್ದರು.

ನೀನೂ ಎನ್‌ಎಸ್‌ಎಸ್ ಮಾಡಿದವನು, ಏಳು ದಿನದ ಶಿಬಿರ ಅಂದರೆ ಏನು ಅಂತ ಹೇಳಬೇಕಿಲ್ಲ. ಚರ್ಚಿನ ಹಾಲ್‌ನಲ್ಲಿ ನೆಲದ ಮೇಲೆ ಮಲಗೋದು, ತಣ್ಣೀರು ಸ್ನಾನ, ಬೆಳಗ್ಗೆ ಶ್ರಮದಾನ, ಎಲ್ಲ ಅದೇ. ರಾತ್ರಿ ಸುತ್ತ ಕೂತು ಒಬ್ಬೊಬ್ಬರೂ ಮನಸ್ಸಿಗೆ ಏನನ್ನಿಸಿತು ಅಂತ ಹೇಳಬೇಕು, ಅದೊಂದು ಹೊಸದು. ಮೊದಲ ದಿನ ನಂಗೆ ಬಾಯೇ ಬರಲಿಲ್ಲ. ನಿಂಗೂ ಬರದಿದ್ದರೆ ಸುಮ್ಮನೆ ಕೂತು ಕೇಳು.

ನಮಗೆ ಕೊಟ್ಟಿದ್ದು ಜೆಂಟಿಲಿ ಬಡಾವಣೆಯ ಒಂದು ಮನೆ. ಅಲ್ಲಿ ಲಂಡನ್ ಅವೆನ್ಯೂ ಕಾಲುವೆಯ ಗೋಡೆ ಎರಡು ಕಡೆ ಒಡೆದು ಊರೊಳಕ್ಕೆ ನೀರು ನುಗ್ಗಿತ್ತು. ಬಾಗಿಲ ಪಕ್ಕದ ಗೋಡೆಗೆ ಹುಡುಕಲು ಬಂದವರು ಸ್ಪ್ರೇ ಪೇಂಟಿನಲ್ಲಿ ದೊಡ್ಡ ಕತ್ತರಿ ಗುರುತು ಎಳೆದಿದ್ದರು; ಅದರ ಕೆಳಗಿನ ಮೂಲೆಯಲ್ಲಿ ಒಳಗೆ ಸಿಕ್ಕವರ ಲೆಕ್ಕ. ನಮ್ಮದರಲ್ಲಿ ಸೊನ್ನೆ ಇತ್ತು. ಬಿಳಿ ಮೇಲಂಗಿ, ಮಾಸ್ಕ್ ಹಾಕ್ಕೊಂಡು ಬೂಷ್ಟು ಹಿಡಿದ ಗೋಡೆ ಹಲಗೆ (ಶೀಟ್‌ರಾಕ್) ಕಿತ್ತು, ಟೇಪ್ ಸುತ್ತಿದ ಫ್ರಿಜ್ ಎತ್ತಿ, ಹಾಸಿಗೆ, ಮದುವೆ ಆಲ್ಬಂ, ಎಲ್ಲವನ್ನೂ ಕೈಗಾಡಿಯಲ್ಲಿ ತಂದು ರಸ್ತೆ ಬದಿಗೆ ಸುರಿದೆವು. ಮನೆಯಾಕೆಗೆ ಎಪ್ಪತ್ತು ದಾಟಿತ್ತು. ಮಡಚುವ ಕುರ್ಚಿ ಹಾಕಿಕೊಂಡು ಎದುರಿಗೆ ಕೂತು ನೋಡುತ್ತಿದ್ದರು. ಅಲ್ಲಿ ಹಿರಿಯ ಹೆಂಗಸರ ಹೆಸರಿಗೆ ಮೊದಲು ‘ಮಿಸ್’ ಸೇರಿಸಿ ಕರೀತಾರೆ, ನಾವು ಅಮ್ಮ ಸೇರಿಸೋ ಹಾಗೆ.

ಆವತ್ತು ಸೋಮವಾರ. ಆ ಊರಲ್ಲಿ ಸೋಮವಾರಕ್ಕೆ ರಾಜ್ಮಾದಂಥ ಕೆಂಪು ಕಾಳು ಬೇಯಿಸಿ ಅನ್ನದ ಜೊತೆ ತಿನ್ನೋದು ಹಳೇ ರೂಢಿ. ಹಿಂದೆ ಅದು ಬಟ್ಟೆ ಒಗೆಯೋ ದಿನವಂತೆ, ಒಲೆ ಮೇಲೆ ಕಾಳು ತಾನಾಗಿ ಬೇಯುತ್ತಿರುತ್ತಿತ್ತು. ಆಕೆ ಆಗ ಇದ್ದದ್ದು ಮಗಳ ಮನೆ ಅಂಗಳದಲ್ಲಿ, ಸರ್ಕಾರ ಕೊಟ್ಟ ಟ್ರೈಲರ್‌ನಲ್ಲಿ. ಆ ಗೂಡಿನಂಥ ಅಡುಗೆಮನೆಯಲ್ಲಿ ನಮ್ಮೆಲ್ಲರಿಗೂ ಮಾಡಿ ತಂದಿದ್ದರು. ಮಾಂಸ ಇದೆಯಾ ಅಂದೆ. ಇದೆ ಅಂದರು. ಬೇಡ ಅಂತ ಹೇಳಿ ವ್ಯಾನಿಗೆ ಹೋಗಿ ಒಬ್ಬಳೇ ಬ್ರೆಡ್ಡು ಜ್ಯಾಮ್ ತಿಂದೆ. ತಿನ್ನದೇ ಇದ್ದಿದ್ದಕ್ಕೆ ನನಗೆ ಬೇಜಾರಿಲ್ಲ. ಪಕ್ಕದಲ್ಲಿ ಕೂರಬಹುದಿತ್ತು, ಬರೀ ಅನ್ನ ಹಾಕಿ ಅನ್ನಬಹುದಿತ್ತು, ಒಂದು ಲೋಟ ನೀರಾದರೂ ಕೇಳಿ ಕುಡಿಯಬಹುದಿತ್ತು. ಮನೆಗೆ ಹೋಗಿ ನೀರೂ ಮುಟ್ಟದೆ ಎದ್ದುಬಂದರೆ ನಮ್ಮಜ್ಜಿ ಏನಂತಿದ್ದರು ಅಂತ ನಿಂಗೆ ಗೊತ್ತಿರುತ್ತೆ.

ಮಂಗಳವಾರ ಬೆಳಗ್ಗೆ ನಮ್ಮನ್ನು ಹತ್ತು ಬೀದಿ ಆಚೆಯ ಇನ್ನೊಂದು ಮನೆಗೆ ಹಾಕಿದರು. ಬುಧವಾರ ಸಂಜೆ ಮೇಲ್ವಿಚಾರಕರು ಹೇಳಿದರು: ಹಿಂದಿನ ದಿನ ಆಕೆ ಮತ್ತೆ ಬಂದಿದ್ದರಂತೆ, ಸಣ್ಣ ಡಬ್ಬಿಯಲ್ಲಿ ಮಾಂಸ ಹಾಕದೆ ಬೇರೆಯಾಗಿ ಮಾಡಿದ ಕಾಳು ಹಿಡ್ಕೊಂಡು, ಆ ಇಂಡಿಯಾ ಹುಡುಗಿ ಎಲ್ಲಿ ಅಂತ. ಕೆಲಸ ಮುಗಿಸಿ ಕೊನೆಯ ದಿನ ಹೋಗೋಣ ಅಂದ್ಕೊಂಡೆ. ಶುಕ್ರವಾರ ಹೋದಾಗ ಅಲ್ಲಿ ನಾವೇ ಸುರಿದ ರಾಶಿ ಬಿಟ್ಟರೆ ಯಾರೂ ಇರಲಿಲ್ಲ. ಮಗಳ ಮನೆ ಯಾವುದು ಅಂತ ಕೇಳಿರಲಿಲ್ಲ, ಪೂರ್ತಿ ಹೆಸರೂ ಕೇಳಿರಲಿಲ್ಲ. ಎರಡು ವಾರಕ್ಕೆ ಯುಗಾದಿ ಬಂತು. ಹೋಳಿಗೆ ತಟ್ಟುವಾಗ ಆ ಡಬ್ಬಿಯೇ ಕಣ್ಣ ಮುಂದೆ ಬರುತ್ತಿತ್ತು. ಈಗಲೂ ಬರುತ್ತೆ.

ಅದಕ್ಕೇ ಹೇಳೋದು, ನೀನು ಏನು ತಿನ್ನಲ್ಲ ಅನ್ನೋದನ್ನ ಮೊದಲ ದಿನವೇ, ಯಾರೂ ಒಲೆ ಹಚ್ಚೋ ಮೊದಲೇ ಹೇಳಿಬಿಡು. ಮನೆಯವರ ಹೆಸರು, ಫೋನ್ ನಂಬರ್ ಕೇಳಿ ಬರ್ಕೋ. ಅವರು ಮಾತಿಗೆ ಕೂತರೆ ಕೈಯಲ್ಲಿರೋ ಕ್ರೋಬಾರ್ ಕೆಳಗಿಟ್ಟು ಕೂರು, ಗೋಡೆ ಅರ್ಧ ಗಂಟೆ ತಡವಾಗಿ ಬಿದ್ದರೆ ಏನೂ ಆಗಲ್ಲ.

ನಿಮ್ಮ ವ್ಯಾನ್ ಐ-75 ಹೆದ್ದಾರಿ ಹಿಡಿದೇ ಇಳಿಯುತ್ತೆ, ಓಹಾಯೋದ ನಮ್ಮ ಡೇಟನ್ ದಾರಿಯಲ್ಲೇ ಸಿಗುತ್ತೆ. ಎಷ್ಟು ಜನ, ಎಷ್ಟು ಹೊತ್ತಿಗೆ ಅಂತ ಹಿಂದಿನ ದಿನ ತಿಳಿಸು. ಎಲ್ಲರಿಗೂ ಚಿತ್ರಾನ್ನ ಕಟ್ಟಿಕೊಡ್ತೀನಿ. ಕಡಲೆಕಾಯಿ ಆಗದವರು ಯಾರಾದರೂ ಇದ್ದಾರಾ ಅಂತಲೂ ಕೇಳಿ ಹೇಳು.