‘ದಿ ಹಾರ್ಡರ್ ದೇ ಫಾಲ್’ ಚಿತ್ರದಲ್ಲಿ ಪ್ರಾತಿನಿಧ್ಯವಿದೆ ಎಂದು ತೋರಿಸಲು ನಟರ ಜನಾಂಗವಾರು ಕೋಷ್ಟಕ ಸಾಕೇ?

ಕಪ್ಪು ನಟರೇ ಮುಖ್ಯ ಪಾತ್ರಗಳಲ್ಲಿರುವ 2021ರ ಈ ವೆಸ್ಟರ್ನ್ (ಕೌಬಾಯ್) ಚಿತ್ರದ ಬಗ್ಗೆ ಪ್ರಬಂಧ ಬರೆಯಲು, ಯಾವ ಜನಾಂಗದ ನಟರು ಎಷ್ಟು ಜನರಿದ್ದಾರೆ ಎಂದು ಎಣಿಸಿ ಕೋಷ್ಟಕ ಹಾಕಿದರೆ ಸಾಕೇ ಎಂದು ಕೇಳಿದ್ದೀರಿ. ಆ ಕೋಷ್ಟಕವನ್ನು ನಾನು 2022ರಲ್ಲೇ ಹಾಕಿ ಕೈಸುಟ್ಟುಕೊಂಡಿದ್ದೇನೆ. ಎಂ.ಎ. ಸೆಮಿನಾರಿಗೆ ಇದೇ ಚಿತ್ರವನ್ನು ಆರಿಸಿಕೊಂಡು, ಒಂದು ಕಡೆ ಪಾತ್ರಗಳ ಹೆಸರು, ಇನ್ನೊಂದು ಕಡೆ ನಟರ ಜನಾಂಗ ಬರೆದು, ಬಿಳಿಯ ನಾಯಕರೇ ತುಂಬಿದ್ದ ಹಳೆಯ ವೆಸ್ಟರ್ನ್ ಚಿತ್ರಗಳಿಗೆ ಇದು ತಕ್ಕ ಉತ್ತರವೆಂದು ಬರೆದಿದ್ದೆ.

ತಪ್ಪಾದದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳುತ್ತೇನೆ. ಕಥೆ ಕಾಲ್ಪನಿಕವಾದರೂ ಈ ಜನರು ನಿಜವಾಗಿ ಬದುಕಿದ್ದರು ಎಂಬ ಅರ್ಥದ ಬರಹವೊಂದು ಚಿತ್ರದ ಆರಂಭದಲ್ಲೇ ಬರುತ್ತದೆ. ನಾನು ಅದನ್ನು ನಂಬಿ ಇಬ್ಬರ ಬಗ್ಗೆ ಮಾತ್ರ ಓದಿದೆ. ಚಿತ್ರದ ನಾಯಕನಾದ ನ್ಯಾಟ್ ಲವ್ 1907ರಲ್ಲಿ ಆತ್ಮಕಥೆ ಪ್ರಕಟಿಸಿದ ಕೌಬಾಯ್. ಬಾಸ್ ರೀವ್ಸ್ ಡೆಪ್ಯುಟಿ ಮಾರ್ಷಲ್, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಪೊಲೀಸ್ ಅಧಿಕಾರಿ. ಇಬ್ಬರೂ ಗುಲಾಮಗಿರಿಯಲ್ಲಿ ಹುಟ್ಟಿದವರು. ಇವರಿಬ್ಬರ ವಿಷಯ ಸರಿಯಿದೆಯೆಂದ ಮೇಲೆ ಉಳಿದವರದ್ದೂ ಸರಿಯಿರಬೇಕೆಂದುಕೊಂಡು ಪುಸ್ತಕ ಮುಚ್ಚಿಬಿಟ್ಟೆ. ಇನ್ನೊಂದು ಸಂಜೆ ಗ್ರಂಥಾಲಯದಲ್ಲಿ ಕುಳಿತಿದ್ದರೆ ಮುಂದಿನ ಅವಮಾನ ತಪ್ಪುತ್ತಿತ್ತು.

ಸೆಮಿನಾರಿನಲ್ಲಿ ನಮ್ಮ ಮೇಡಂ, ಚಿತ್ರದ ಖಳನಾಯಕನನ್ನು ಹಿಡಿದು, “ರೂಫಸ್ ಬಕ್‌ನ ತಂದೆ ಯಾರು?” ಎಂದು ಕೇಳಿದರು. ನಾನು ಚಿತ್ರದ ಕೊನೆಯ ತಿರುವನ್ನೇ ಉತ್ತರವಾಗಿ ಒಪ್ಪಿಸಿದೆ: “ನ್ಯಾಟ್ ಲವ್‌ನ ತಂದೆಯೇ, ಮೇಡಂ.” (ಚಿತ್ರವನ್ನು ನೀವಿನ್ನೂ ನೋಡಿರದಿದ್ದರೆ ಕ್ಷಮಿಸಿ.) ನಿಜವಾದ ಬಕ್‌ನ ತಂದೆ ಅಮೆರಿಕದ ಕ್ರೀಕ್ ಬುಡಕಟ್ಟಿನ ಮೂಲನಿವಾಸಿ, ತಾಯಿ ಕಪ್ಪು ಮಹಿಳೆ. ಅವನ ಗುಂಪಿನಲ್ಲಿಯೂ ಕ್ರೀಕ್ ಹುಡುಗರಿದ್ದರು. 1895ರ ಬೇಸಿಗೆಯಲ್ಲಿ ಕೊಲೆ, ಅತ್ಯಾಚಾರ, ದರೋಡೆ ನಡೆಸಿದ ಅವರನ್ನು 1896ರ ಜುಲೈ 1ರಂದು ಅರ್ಕಾನ್ಸಾಸ್ ರಾಜ್ಯದ ಫೋರ್ಟ್ ಸ್ಮಿತ್‌ನಲ್ಲಿ ಗಲ್ಲಿಗೇರಿಸಲಾಯಿತು. ಇನ್ನೂ ಮೀಸೆ ಬಲಿಯದ ಹುಡುಗ ಬಕ್‌ನ ಪಾತ್ರವನ್ನು ನಡುವಯಸ್ಸಿನ ಇಡ್ರಿಸ್ ಎಲ್ಬಾ ಮಾಡಿದ್ದಾರೆ. ನನ್ನ ಕೋಷ್ಟಕದಲ್ಲಿ ‘ಕಪ್ಪು ನಟ’ ಎಂಬ ಒಂದೇ ಪದದ ಅಡಿಯಲ್ಲಿ ಕ್ರೀಕ್ ತಂದೆ ಹೇಳಹೆಸರಿಲ್ಲದಂತಾಗಿದ್ದ, ಆ ಅಳಿಸುವಿಕೆಯನ್ನೇ ನಾನು ವೈವಿಧ್ಯವೆಂದು ಹೊಗಳಿದ್ದೆ. ಪ್ರಬಂಧ ಮರಳಿ ಬಂತು, ಅಂಕಗಳೂ ಹೋದವು.

ಆದ್ದರಿಂದ ‘ಎಷ್ಟು ಜನರಿದ್ದಾರೆ’ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಚಿತ್ರದ ಇನ್ನೊಂದು ಪಾತ್ರವಾದ ಸ್ಟೇಜ್‌ಕೋಚ್ ಮೇರಿಯನ್ನೇ ನೋಡಿ. ನಿಜವಾದ ಮೇರಿ ಫೀಲ್ಡ್ಸ್ 1895ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಮೊಂಟಾನಾದಲ್ಲಿ ಅಂಚೆ ಸಾಗಿಸುವ ಗುತ್ತಿಗೆ ಹಿಡಿದವರು. ಅವರ ಛಾಯಾಚಿತ್ರದಲ್ಲಿ ಕಾಣುವುದು ದಟ್ಟ ಕಪ್ಪು ಬಣ್ಣದ, ದಪ್ಪ ಮೈಕಟ್ಟಿನ, ಬಂದೂಕು ಹಿಡಿದು ನಿಂತ ಹೆಂಗಸು. ಚಿತ್ರದ ಮೇರಿ ತೆಳ್ಳಗಿನ, ತಿಳಿಬಣ್ಣದ, ನಾಯಕನ ಪ್ರೇಯಸಿಯಾದ ಗಾಯಕಿ. ಈ ಆಯ್ಕೆಯನ್ನು ಹಲವು ಕಪ್ಪು ಪ್ರೇಕ್ಷಕರೇ ಟೀಕಿಸಿದರು, ನನ್ನ ಕೋಷ್ಟಕದಲ್ಲಾದರೋ ಇಬ್ಬರೂ ಒಂದೇ.

ಚಿತ್ರ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮೇಯ್ಸ್‌ವಿಲ್ ಎಂಬ ಬಿಳಿಯರ ಊರನ್ನು ನಿರ್ದೇಶಕ ಜೇಮ್ಸ್ ಸ್ಯಾಮ್ಯುಯೆಲ್ ಸುಣ್ಣ ಬಳಿದಂತೆ ಪೂರ್ತಿ ಬಿಳಿಯಾಗಿ ತೋರಿಸಿದ್ದಾರೆ. ಸದಾ ಗಂಡುಡುಗೆಯಲ್ಲಿರುವ ಕಫೀ, ಬ್ಯಾಂಕ್ ದೋಚಲೆಂದು ಒಲ್ಲದ ಮನಸ್ಸಿನಿಂದ ಲಂಗ ತೊಟ್ಟು ಅಲ್ಲಿಗೆ ಕಾಲಿಡುತ್ತಾಳೆ. ಗಂಡಸಿನ ವೇಷದಲ್ಲಿ 1866ರಲ್ಲಿ ಸೈನ್ಯ ಸೇರಿದ ಕ್ಯಾಥೇ ವಿಲಿಯಮ್ಸ್ ಈ ಪಾತ್ರಕ್ಕೆ ಪ್ರೇರಣೆ. ನಿಮ್ಮ ಪ್ರಬಂಧವನ್ನು ಈ ದೃಶ್ಯದಿಂದ ಶುರುಮಾಡಿ. ಕೋಷ್ಟಕ ಹಾಕಲೇಬೇಕೆಂದಿದ್ದರೆ ಅದರಲ್ಲಿ ‘ನಿಜ ವ್ಯಕ್ತಿಯ ಬದುಕಿನಿಂದ ಚಿತ್ರ ಬಿಟ್ಟದ್ದು’ ಎಂಬ ಕಾಲಂ ಇರಲಿ, ಮೊದಲು ರೂಫಸ್ ಬಕ್‌ನ ಹೆಸರಿನ ಮುಂದೆ ತುಂಬಿ.