ಸಿಲೆಬಸ್ ಕಿತ್ತು ಹಾಕಿದರೆ ಸ್ವಂತ ಯೋಚನೆ ಬರಲ್ಲ

ಪ್ರಶ್ನೆ: ಶಾಲೆ ಮಕ್ಕಳ ಸ್ವಂತ ಯೋಚನೆಯನ್ನೇ ಸಾಯಿಸುತ್ತಿದೆ. ಸಿಲೆಬಸ್, ಬಾಯಿಪಾಠ, ಪರೀಕ್ಷೆ ಎಲ್ಲ ತೆಗೆದು ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಸರಿಹೋಗಲ್ವಾ?

ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ, ಅದಕ್ಕೇ ಇವತ್ತಿನ ಜಾಗವೆಲ್ಲ ಇದಕ್ಕೇ. ಶಾಲೆ ಬದಲಾಗಬೇಕು, ಎರಡು ಮಾತಿಲ್ಲ. ಆದರೆ ಬದಲಿಸಬೇಕಾದ್ದು ಪಾಠವನ್ನಲ್ಲ, ಪಾಠ ಮುಗಿದ ಮೇಲೆ ನಾವು ಕೇಳುವ ಪ್ರಶ್ನೆಯನ್ನು. "ಉದ್ದ 6, ಅಗಲ 4, ವಿಸ್ತೀರ್ಣ ಎಷ್ಟು?" ಅಂದರೆ ಇಡೀ ತರಗತಿ 24 ಅಂತ ಬರೆದು ಪೆನ್ನು ಕೆಳಗಿಡುತ್ತದೆ. ನಾನು ಹೋಗಿ ಕೂತಿದ್ದ ಒಂದು ತರಗತಿಯಲ್ಲಿ ಮೇಷ್ಟ್ರು ಅದನ್ನೇ ತಿರುಗಿಸಿ, ವಿಸ್ತೀರ್ಣ 24 ಬರುವ ಆಯತ ಎಷ್ಟು ಥರ ಬರೆಯಬಹುದು ಅಂತ ಕೇಳಿದರು. 8 ಮತ್ತು 3 ಬಂತು, 12 ಮತ್ತು 2 ಬಂತು, ಆಮೇಲೆ ಸ್ವಲ್ಪ ಹೊತ್ತು ಸದ್ದೇ ಇಲ್ಲ, ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು "48 ಮತ್ತು ಅರ್ಧ" ಅಂದಳು. ಮೇಷ್ಟ್ರು "ಪುಸ್ತಕದಲ್ಲಿ ಅರ್ಧ ಇಲ್ಲಮ್ಮ" ಅಂದು ಮುಂದೆ ಹೋದರು! ಅವಳು ಆ ಪೀರಿಯಡ್ ಪೂರ್ತಿ ಮತ್ತೆ ಕೈ ಎತ್ತಲಿಲ್ಲ. ಕೆಟ್ಟದ್ದು ಅಲ್ಲಿ, ಸಿಲೆಬಸ್‌ನಲ್ಲಲ್ಲ. ಅರ್ಧದಿಂದ ಗುಣಿಸೋದು ಕಲಿತಿರದಿದ್ದರೆ ಅವಳಿಗೆ ಅದು ಹೊಳೆಯುತ್ತಲೇ ಇರಲಿಲ್ಲ.

ನಂಬಿಕೆ ಬರದಿದ್ದರೆ ಪೀಸಾ (PISA) ಪರೀಕ್ಷೆ ನೋಡಿ. ಹಲವು ದೇಶಗಳ 15 ವರ್ಷದವರಿಗೆ ನಡೆಸುವ ಆ ಪರೀಕ್ಷೆಯಲ್ಲಿ 2022ರಲ್ಲಿ ಸೃಜನಶೀಲ ಯೋಚನೆಯನ್ನೂ ಅಳೆದರು. 60ಕ್ಕೆ 41 ತೆಗೆದು ಮೊದಲು ಬಂದದ್ದು ಸಿಂಗಪುರ. ಆ ಸಲ ಗಣಿತದಲ್ಲೂ ಅದೇ ಮೊದಲು.

ಪ್ರಶ್ನೆ: ಬಲ ಮೆದುಳು ಚುರುಕು ಮಾಡುವ ಕ್ಲಾಸಿಗೆ ಸೇರಿಸಲಾ? ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತಾರಂತೆ.

ದುಡ್ಡು ಉಳಿಸಿ. ಮಗು ಮೂಗಿನ ಪಕ್ಕದ ಸಂದಿಯಲ್ಲಿ ಇಣುಕುತ್ತಿರುತ್ತದೆ, ಆ ಸಂದಿ ಮುಚ್ಚಿ ನೋಡಿ. ಮೆದುಳಿನ ಎರಡು ಭಾಗಗಳ ಕೆಲಸದ ಬಗ್ಗೆ ರೋಜರ್ ಸ್ಪೆರ್ರಿಗೆ 1981ರಲ್ಲಿ ನೊಬೆಲ್ ಬಂದದ್ದು ನಿಜ. ಆದರೆ ಅವರು ಪರೀಕ್ಷಿಸಿದ್ದು ಮೂರ್ಛೆರೋಗಕ್ಕೆಂದು ಎರಡೂ ಭಾಗಗಳ ನಡುವಿನ ಕೊಂಡಿ ಕತ್ತರಿಸಿಕೊಂಡವರನ್ನು. ನಿಮ್ಮ ಮಗುವಿನ ಕೊಂಡಿ ನೆಟ್ಟಗಿದೆ, ಎರಡೂ ಕಡೆ ಕೂಡಿಯೇ ಕೆಲಸ ಮಾಡುತ್ತವೆ. ಸುಳ್ಳು ಹೇಳೋದು ಕಲಿಸೋಕೆ ಫೀಸು ಯಾಕೆ?

ಪ್ರಶ್ನೆ: ಚಿತ್ರ ಬರೆದಾಗಲೆಲ್ಲ ಬಹುಮಾನ ಕೊಡಬಹುದಾ?

ಮೊದಲೇ ಆಸೆ ತೋರಿಸಬೇಡಿ. 1973ರ ಒಂದು ಪ್ರಯೋಗದಲ್ಲಿ, ಬಹುಮಾನ ಸಿಗುತ್ತದೆ ಅಂತ ಹೇಳಿ ಚಿತ್ರ ಬರೆಸಿದ ಪುಟಾಣಿಗಳು ಆಮೇಲೆ ತಾವಾಗಿ ಬರೆಯೋದನ್ನೇ ಕಡಿಮೆ ಮಾಡಿದರು.

ಪ್ರಶ್ನೆ: ವಾರಕ್ಕೊಂದು ಸೃಜನಶೀಲತೆಯ ಪೀರಿಯಡ್ ಇಟ್ಟರೆ?

ಉಳಿದ ಪೀರಿಯಡ್‌ಗಳಲ್ಲಿ ಏನು ಮಾಡುತ್ತೀರಿ?