ತಪ್ಪು ಒಂದು ಸಾಲಿನಲ್ಲಿ, ದೂರು ಕೊನೆಯಲ್ಲಿ

ಪ್ರಶ್ನೆ: ನಾನು ಶಿರಸಿಯಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಅಡಿಕೆ ಬೆಳೆಗಾರರ ಹೆಸರು, ತೂಕ ಮತ್ತು ದರ ಪಡೆದು ಮೊತ್ತ ತೋರಿಸುವ ಪ್ರೋಗ್ರಾಮನ್ನು ಟರ್ಬೊ ಸಿ ಎಂಬ ಹಳೆಯ ಸಿ ಕಂಪೈಲರಿನಲ್ಲಿ ಬರೆದಿದ್ದೇನೆ. ಹೆಸರಿಗಾಗಿ ಮೇನ್ ಫಂಕ್ಷನ್ನಿನ ಹೊರಗೆ ಒಂದು ಚಾರ್ ಪಾಯಿಂಟರ್ (ಅಕ್ಷರಗಳಿರುವ ಜಾಗದ ವಿಳಾಸ ಹಿಡಿಯುವ ಚರ) ಇಟ್ಟು, ಒಂದು ಸಾಲು ಓದುವ ಗೆಟ್ಸ್ ಫಂಕ್ಷನ್ ಮೂಲಕ ಅದರಲ್ಲಿ ಹೆಸರು ಓದಿಸುತ್ತೇನೆ. ಹೆಸರು ಸರಿಯಾಗಿಯೇ ಮುದ್ರಿತವಾಗುತ್ತದೆ, ಆದರೆ ಎಲ್ಲ ಮುಗಿದ ಮೇಲೆ 'ನಲ್ ಪಾಯಿಂಟರ್ ಅಸೈನ್‌ಮೆಂಟ್' ಎಂದು ಬರುತ್ತದೆ. ಕೊನೆಯ ಸಾಲಿನಲ್ಲಿ ಏನೂ ತಪ್ಪು ಕಾಣುತ್ತಿಲ್ಲ. ಉತ್ತರ ಸರಿ ಇರುವುದರಿಂದ ಇದನ್ನು ಹಾಗೆಯೇ ಬಿಡಬಹುದೇ?

ಉತ್ತರ: ಬಿಡಬಾರದು. ಕೊನೆಯ ಸಾಲಿನಲ್ಲಿ ಹುಡುಕುವುದರಿಂದಲೂ ಪ್ರಯೋಜನವಿಲ್ಲ. ತೋಟಕ್ಕೆ ಮಂಗ ನುಗ್ಗಿದ್ದು ಸಂಜೆ ಬಾಳೆಗೊನೆ ನೋಡಿದಾಗ ತಿಳಿಯುವ ಹಾಗೆ, ಈ ಸಂದೇಶವೂ ಹಾನಿಯಾದ ಹೊತ್ತಿನಲ್ಲಿ ಬರುವುದಲ್ಲ.

ಫಂಕ್ಷನ್‌ಗಳ ಹೊರಗೆ ಘೋಷಿಸಿದ ಪಾಯಿಂಟರಿಗೆ ನೀವು ಬೆಲೆ ಕೊಡದಿದ್ದರೆ ಅದರಲ್ಲಿ ಸೊನ್ನೆ ಇರುತ್ತದೆ. ಹಾಗಾಗಿ ಗೆಟ್ಸ್ ನಿಮ್ಮ ಬೆಳೆಗಾರರ ಹೆಸರನ್ನು ಡೇಟಾ ಸೆಗ್ಮೆಂಟಿನ (ಪ್ರೋಗ್ರಾಮಿನ ಚರಗಳಿರುವ ಮೆಮೊರಿ ಭಾಗದ) ಸೊನ್ನೆಯ ವಿಳಾಸದಿಂದಲೇ ಬರೆಯುತ್ತಾ ಹೋಗುತ್ತದೆ. ಮೆಮೊರಿಯನ್ನು ಹೇಗೆ ಬಳಸಬೇಕೆಂದು ಕಂಪೈಲರಿಗೆ ಹೇಳುವ ಆಯ್ಕೆಗಳೇ ಮೆಮೊರಿ ಮಾದರಿಗಳು. ಅವುಗಳಲ್ಲಿ ಸ್ಮಾಲ್ ಮತ್ತು ಮೀಡಿಯಂ ಮಾದರಿಗಳಲ್ಲಿ ಆ ಜಾಗದಲ್ಲಿ ನಾಲ್ಕು ಸೊನ್ನೆ ಬೈಟ್‌ಗಳೂ ಅವುಗಳ ನಂತರ ಈ ಕಂಪೈಲರ್ ತಯಾರಿಸಿದ ಬೋರ್ಲೆಂಡ್ ಕಂಪನಿಯ ಹಕ್ಕುಸ್ವಾಮ್ಯದ ಒಕ್ಕಣೆಯೂ ಇರುತ್ತವೆ. ಪ್ರೋಗ್ರಾಂ ಮುಗಿಯುವಾಗ ಕಂಪೈಲರ್ ಸೇರಿಸಿಟ್ಟ ಕೋಡ್ ಆ ಬೈಟ್‌ಗಳ ಮೊತ್ತವನ್ನು ತಾಳೆ ನೋಡುತ್ತದೆ, ಕೂಡದಿದ್ದರೆ ಆ ಸಂದೇಶವನ್ನು ಮುದ್ರಿಸುತ್ತದೆ. ಯಾವ ಸಾಲು ಕೆಡಿಸಿತೆಂಬುದು ಅದಕ್ಕೂ ತಿಳಿಯದು. ಬರೆದ ವಿಳಾಸದಿಂದಲೇ ಓದುವ ಕಾರಣ ಹೆಸರು ಸರಿಯಾಗಿ ಕಂಡಿತು, ಅಷ್ಟೆ. ಲಾರ್ಜ್ ಮಾದರಿಯಲ್ಲಿ ಈ ತಪಾಸಣೆಯೇ ಇಲ್ಲ. ಅಲ್ಲಿ ಸೊನ್ನೆಯ ವಿಳಾಸವೆಂದರೆ ಪ್ರೊಸೆಸರಿನ ಇಂಟರಪ್ಟ್ ಪಟ್ಟಿಯ (ಕೆಲಸದ ನಡುವೆ ತಡೆ ಬಂದಾಗ ಯಾವ ಕೋಡ್ ಓಡಬೇಕೆಂದು ಹೇಳುವ ಪಟ್ಟಿಯ) ಮೊದಲ ನಮೂದು. ಅದನ್ನು ಅಳಿಸಿದರೂ ಡಾಸ್ ಎಂಬ ಆಪರೇಟಿಂಗ್ ಸಿಸ್ಟಂ ತಡೆಯುವುದಿಲ್ಲ. ಆದ್ದರಿಂದ ಮಾದರಿ ಬದಲಿಸಿ ಸಂದೇಶ ಮಾಯವಾಯಿತೆಂದು ಹಿಗ್ಗುವವರನ್ನು ನಂಬಬೇಡಿ.

ತಪ್ಪಿನ ಸಾಲನ್ನು ಹಿಡಿಯಲು ಕಂಟ್ರೋಲ್ ಮತ್ತು ಎಫ್7 ಒತ್ತಿ, 4 ಎಂಬ ವಿಳಾಸವನ್ನು ಚಾರ್ ಪಾಯಿಂಟರ್ ಎಂದು ಕಾಸ್ಟ್ ಮಾಡಿದ (ಆ ಬಗೆಯದೆಂದು ಪರಿಗಣಿಸಿದ), ಅಂದರೆ (char *)4 ಎಂಬ ವಾಚ್ ಒಂದನ್ನು ಸೇರಿಸಿ; ಪ್ರೋಗ್ರಾಂ ಸಾಗುವಾಗ ಆ ಜಾಗದಲ್ಲಿ ಏನಿದೆಯೆಂದು ವಾಚ್ ತೋರಿಸುತ್ತಿರುತ್ತದೆ. ಅಲ್ಲಿ ಬೋರ್ಲೆಂಡಿನ ಒಕ್ಕಣೆ ಕಾಣುತ್ತದೆ. ಆಮೇಲೆ ಎಫ್8 ಒತ್ತುತ್ತಾ ಒಂದೊಂದೇ ಸಾಲು ಮುಂದೆ ಹೋಗಿ. ಆ ಒಕ್ಕಣೆ ಯಾವ ಸಾಲು ದಾಟಿದಾಗ ಬದಲಾಯಿತೋ ಅದೇ ಅಪರಾಧಿ. ನಾಲ್ಕಕ್ಷರಕ್ಕಿಂತ ಚಿಕ್ಕ ಹೆಸರು ಕೊಟ್ಟರೆ ಒಕ್ಕಣೆ ಹಾಗೆಯೇ ಉಳಿಯುವುದರಿಂದ, ಪರೀಕ್ಷೆಗೆ ಉದ್ದದ ಹೆಸರನ್ನೇ ಕೊಡಿ. ನಿಮ್ಮ ಪ್ರೋಗ್ರಾಮಿನಲ್ಲಿ ಪಾಯಿಂಟರಿನ ಬದಲು 40 ಅಕ್ಷರಗಳ ಅರೇ (ಸಾಲಾಗಿ ಕಾದಿರಿಸಿದ ಜಾಗ) ಇಟ್ಟರೆ ಸಾಕು. ಪಾಯಿಂಟರ್ ಇಲ್ಲದವರಿಗೂ ಇದೇ ಸಂದೇಶ ಬರುವುದುಂಟು. ಅಂಕಿಗಳನ್ನು ಓದಿಸುವ ಸ್ಕ್ಯಾನ್‌ಎಫ್ ಫಂಕ್ಷನ್ನಿನಲ್ಲಿ ಚರದ ಹೆಸರಿಗೆ ಮೊದಲು ಆಂಪರ್ಸೆಂಡ್ (&) ಚಿಹ್ನೆ ಮರೆತಾಗ, ಚರದಲ್ಲಿ ಸೊನ್ನೆ ಇದ್ದರೆ ಅದೇ ವಿಳಾಸವಾಗಿಬಿಡುತ್ತದೆ.

ನೀವು ಕೇಳಿಲ್ಲವಾದರೂ ದರದ ಬಗ್ಗೆ ಒಂದು ಮಾತು ಹೇಳಬೇಕು. ಈ ಕಂಪೈಲರಿನಲ್ಲಿ ಇಂಟ್ ಎಂಬ ಪೂರ್ಣಾಂಕದ ಬಗೆ 16 ಬಿಟ್ಟಿನದು, 32767 ದಾಟುವುದಿಲ್ಲ. ಕ್ವಿಂಟಾಲ್ ಅಡಿಕೆಗೆ 45000 ರೂಪಾಯಿ ಎಂದು ಅದರಲ್ಲಿ ಇಟ್ಟರೆ −20536 ಆಗುತ್ತದೆ, ಮತ್ತು ಪ್ರೋಗ್ರಾಂ ಓಡುವಾಗ ಇದಕ್ಕೆ ಯಾವ ಸಂದೇಶವೂ ಬರುವುದಿಲ್ಲ. ದರಕ್ಕೂ ಮೊತ್ತಕ್ಕೂ ಇನ್ನೂ ದೊಡ್ಡ ಪೂರ್ಣಾಂಕ ಹಿಡಿಯುವ ಲಾಂಗ್ ಬಳಸಿ.

ಪ್ರಶ್ನೆ: 'ಫ್ಲೋಟಿಂಗ್ ಪಾಯಿಂಟ್ ಫಾರ್ಮ್ಯಾಟ್ಸ್ ನಾಟ್ ಲಿಂಕ್ಡ್' ಎಂದು ಬಂದು ಪ್ರೋಗ್ರಾಂ ನಿಂತುಹೋಗುತ್ತದೆ. ಸ್ಟ್ರಕ್ಚರ್ (ಹಲವು ಚರಗಳ ಕಟ್ಟು) ಅರೇಯ ಫ್ಲೋಟ್ (ದಶಮಾಂಶ ಸಂಖ್ಯೆಯ) ಸದಸ್ಯಕ್ಕೆ ಸ್ಕ್ಯಾನ್‌ಎಫ್ ಮೂಲಕ ಓದಿಸುತ್ತಿದ್ದೇನೆ. (ಕಾರವಾರದ ಓದುಗರು)

ಉತ್ತರ: ಇದು ನಿಮ್ಮ ತಪ್ಪಲ್ಲ. ಜಾಗ ಉಳಿಸಲೆಂದು ಕಂಪೈಲರ್, ಅಗತ್ಯ ಕಾಣದಿದ್ದರೆ ದಶಮಾಂಶ ಓದುವ ಭಾಗವನ್ನು ಜೋಡಿಸದೆ ಬಿಡುತ್ತದೆ; ನಿಮ್ಮಂಥ ಬಳಕೆಯಲ್ಲಿ ಅದರ ಅಂದಾಜು ತಪ್ಪುತ್ತದೆ. ಒಂದು ಸಾಮಾನ್ಯ ಫ್ಲೋಟ್ ಚರಕ್ಕೆ ಮೊದಲು ಓದಿಸಿ, ಅದನ್ನು ಸದಸ್ಯಕ್ಕೆ ವರ್ಗಾಯಿಸಿ.